ಮಾನರಕ್ಷಣೆಯ ನೇರ ದಾರಿ

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆಯಾಗಿದೆ. ಮನುಷ್ಯನಿಗೆ ತನ್ನ ಪ್ರಾಣ ಮತ್ತು ಸಂಪತ್ತಿನಷ್ಟೇ ತನ್ನ ಮಾನವೂ ಅಮೂಲ್ಯವಾದುದು. ಪ್ರವಾದಿವರ್ಯರು(ಸ) ತಮ್ಮ ವಿದಾಯ ಹಜ್ಜ್‌ನ ಭಾಷಣದಲ್ಲಿ ಈ ಮೂರನ್ನೂ ಒಂದೇ ಸಾಲಿನಲ್ಲಿರಿಸಿ, ಇನ್ನೊಬ್ಬನ ಪಾಲಿಗೆ ಇವು ಪವಿತ್ರವೆಂದು ಸಾರಿದ್ದರು. ಆದರೆ ಮಾನ ಒಮ್ಮೆ ಹೋದರೆ ಮತ್ತೆ ಬಾರದು ಎಂಬ ಗಾದೆಯ ಮಾತು ಎಲ್ಲ ಸಂದರ್ಭಕ್ಕೂ ಅನ್ವಯಿಸುತ್ತದೆಯೇ? ಹೆಸರು ಕೆಟ್ಟವನ ಮುಂದೆ ಯಾವ ದಾರಿಗಳಿವೆ? ಅವುಗಳಲ್ಲಿ ಯಾವುದು ಗುರಿ ಮುಟ್ಟಿಸುತ್ತದೆ? ಇದು ಇಂದು ಮನೆ ಮನೆಯ ಪ್ರಶ್ನೆಯಾಗಿದೆ. ಏಕೆಂದರೆ ಒಬ್ಬನ ಹೆಸರು ಈಗ ಅವನ ಊರಿನವರ ನಾಲಿಗೆಯಲ್ಲಿ ಮಾತ್ರ ಇಲ್ಲ, ಎಲ್ಲರ ಕೈಯಲ್ಲಿರುವ ಫೋನಿನಲ್ಲಿಯೂ ಇದೆ.

ಒಬ್ಬ ಯುವಕನ ಪ್ರಶ್ನೆ

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನು ಕಾಣಲು ಬಂದಿದ್ದ. ಪಂಪ್‌ಸೆಟ್ ರಿಪೇರಿಯ ಕೆಲಸದಲ್ಲಿ ಪಳಗಿದವನು. ಏಳು ವರ್ಷಗಳ ಹಿಂದೆ ಅಂಗಡಿಯೊಂದರ ಮುಂದೆ ನಡೆದ ಜಗಳದಲ್ಲಿ ಪೊಲೀಸರು ಅವನನ್ನೂ ಬಂಧಿಸಿದ್ದರು. ಮರುದಿನ ಅವನ ಹೆಸರು ಪತ್ರಿಕೆಯಲ್ಲಿ ಬಂತು. ನಾಲ್ಕು ವರ್ಷ ವಿಚಾರಣೆ ನಡೆದು ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು. ಆದರೆ ಖುಲಾಸೆಯ ಸುದ್ದಿ ಎಲ್ಲಿಯೂ ಬರಲಿಲ್ಲ. ಈಗ ಅವನ ಮದುವೆಯ ಮಾತುಕತೆ ನಡೆಯುತ್ತಿದ್ದಾಗ, ಹುಡುಗಿಯ ಸೋದರಮಾವ ಅವನ ಹೆಸರನ್ನು ಫೋನಿನಲ್ಲಿ ಹುಡುಕಿದರು. ಮೊದಲು ಕಾಣಿಸಿದ್ದೇ ಆ ಬಂಧನದ ಸುದ್ದಿ. ಮಾತುಕತೆ ಅಲ್ಲಿಗೇ ನಿಂತಿತು.

"ಉಸ್ತಾದ್, ನ್ಯಾಯಾಧೀಶರು ನನ್ನನ್ನು ಬಿಟ್ಟರು. ಈ ಫೋನು ಬಿಡುವುದಿಲ್ಲವಲ್ಲ!" ಎಂದ.

ಅವನ ಕೈಯಲ್ಲಿ ಮೂರು ಸಲಹೆಗಳಿದ್ದವು. ಪತ್ರಿಕೆಯ ಮೇಲೆ ದಾವೆ ಹೂಡಿ ಸುದ್ದಿಯನ್ನೇ ತೆಗೆಸಬೇಕೆಂದು ಒಬ್ಬರು ಹೇಳಿದ್ದರು. ಹಣ ಕೊಟ್ಟರೆ ಬೇರೆ ಬೇರೆ ಹೆಸರುಗಳಲ್ಲಿ ಐವತ್ತು ಹೊಗಳಿಕೆಗಳನ್ನು ಬರೆಸಿ ಹಳೆಯ ಸುದ್ದಿಯನ್ನು ಕೆಳಕ್ಕೆ ತಳ್ಳುತ್ತೇವೆಂದು ನಗರದ ಒಂದು ಕಚೇರಿಯವರು ಹೇಳಿದ್ದರು. ಹೆಸರಿನ ಅಕ್ಷರಗಳನ್ನು ಸ್ವಲ್ಪ ಬದಲಾಯಿಸಿಕೊಂಡರೆ ಸಾಕೆಂದು ಗೆಳೆಯನೊಬ್ಬ ಸೂಚಿಸಿದ್ದ. ಇವುಗಳಲ್ಲಿ ಯಾವುದು ಸರಿ ಎಂಬುದು ಅವನ ಪ್ರಶ್ನೆಯಾಗಿತ್ತು. ಅವನಿಗೆ ನಾನು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸಮಸ್ಯೆಯ ಸ್ವರೂಪ

ಮೊದಲನೆಯದಾಗಿ, ಹಳೆಯ ಸುದ್ದಿಯೇ ಏಕೆ ಮೇಲೆ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಸಂಸ್ಥೆಯನ್ನು ಆರಂಭಿಸಿದರು. ಒಂದು ಪುಟವನ್ನು ಬೇರೆ ಎಷ್ಟು ಪುಟಗಳು ಸೂಚಿಸುತ್ತವೆ, ಹಾಗೆ ಸೂಚಿಸುವ ಪುಟಗಳಿಗೆ ಎಷ್ಟು ತೂಕವಿದೆ ಎಂಬುದನ್ನು ಎಣಿಸಿ ಪುಟಗಳಿಗೆ ಸ್ಥಾನ ಕೊಡುವುದು ಅವರ ಮೂಲ ವಿಧಾನವಾಗಿತ್ತು. ಅನಂತರ ಇದಕ್ಕೆ ಇನ್ನೂ ಅನೇಕ ಅಳತೆಗೋಲುಗಳು ಸೇರಿಕೊಂಡಿವೆ. ಆದರೆ ಮೂಲ ತತ್ವ ಉಳಿದಿದೆ. ಪತ್ರಿಕೆಯ ತಾಣವನ್ನು ಸಾವಿರಾರು ಪುಟಗಳು ಸೂಚಿಸುತ್ತವೆ. ಆದ್ದರಿಂದ ಅದರಲ್ಲಿ ಬಂದ ಎರಡು ಸಾಲಿನ ಸುದ್ದಿಗೂ ತೂಕವಿರುತ್ತದೆ. ಪಂಪ್ ರಿಪೇರಿಯವನ ಕುರಿತು ಜಗತ್ತಿನಲ್ಲಿ ಬೇರೆ ಯಾವ ಪುಟವೂ ಇಲ್ಲದಿದ್ದರೆ ಇರುವ ಒಂದೇ ಪುಟ ಮೊದಲನೆಯದಾಗುವುದು ಸಹಜ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೊಂದಿದೆ. ಯಂತ್ರಕ್ಕೆ ಅವನ ಮೇಲೆ ದ್ವೇಷವಿಲ್ಲ. ಅದಕ್ಕೆ ಸತ್ಯಾಸತ್ಯದ ವಿವೇಚನೆಯೂ ಇಲ್ಲ. ತನ್ನ ಮುಂದಿರುವುದನ್ನು ಅದು ತೋರಿಸುತ್ತದೆ, ಅಷ್ಟೆ. ಪತ್ರಿಕೆಯೂ ಸುಳ್ಳು ಬರೆದಿರಲಿಲ್ಲ, ಆ ದಿನ ಬಂಧನ ನಡೆದದ್ದು ನಿಜ. ಹಾಗಾದರೆ ತಪ್ಪಿರುವುದೆಲ್ಲಿ? ಕಥೆ ಅರ್ಧದಲ್ಲಿಯೇ ನಿಂತಿದೆ. ಅರ್ಧ ಸತ್ಯಕ್ಕೆ ಇರುವ ಮದ್ದು ಆ ಅರ್ಧವನ್ನೂ ಅಳಿಸಿ ಹಾಕುವುದಲ್ಲ, ಉಳಿದ ಅರ್ಧವನ್ನು ಸೇರಿಸಿ ಅದನ್ನು ಪೂರ್ಣಗೊಳಿಸುವುದಾಗಿದೆ.

ಅಳಿಸಿ ಹಾಕುವ ದಾರಿ

ಅಳಿಸಲು ಹೊರಟವರ ಅನುಭವವೇನು? 2003ರಲ್ಲಿ ಅಮೆರಿಕದ ಪ್ರಸಿದ್ಧ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ತಮ್ಮ ಮನೆಯ ಚಿತ್ರವೊಂದನ್ನು ತೆಗೆಸಲು 5 ಕೋಟಿ ಡಾಲರ್‌ಗಳ ದಾವೆ ಹೂಡಿದರು. ಕ್ಯಾಲಿಫೋರ್ನಿಯಾದ ಕಡಲ ಕೊರೆತವನ್ನು ದಾಖಲಿಸಲು ತೆಗೆದಿದ್ದ ಸುಮಾರು 12,000 ಚಿತ್ರಗಳಲ್ಲಿ ಅದೂ ಒಂದಾಗಿತ್ತು. ದಾವೆಗೆ ಮುನ್ನ ಆ ಚಿತ್ರವನ್ನು ಇಳಿಸಿಕೊಂಡವರು ಒಟ್ಟು 6 ಸಲ ಮಾತ್ರ. ಅದರಲ್ಲಿ 2 ಸಲ ಇಳಿಸಿಕೊಂಡವರು ಅವರದೇ ವಕೀಲರು! ದಾವೆಯ ಸುದ್ದಿ ಹರಡಿದ ಮೇಲೆ ಒಂದೇ ತಿಂಗಳಲ್ಲಿ ಆ ತಾಣಕ್ಕೆ 4,20,000ಕ್ಕೂ ಹೆಚ್ಚು ಭೇಟಿಗಳಾದವು. ಕೊನೆಗೆ ದಾವೆಯೂ ವಜಾ ಆಯಿತು. ಅಡಗಿಸಲು ಹೋಗಿ ಊರಿಗೆಲ್ಲ ಸಾರಿದಂತಾಗುವ ಈ ಬಗೆಗೆ ಇಂದು ಜಗತ್ತಿನಾದ್ಯಂತ ಅವರ ಹೆಸರೇ ಅಂಟಿಕೊಂಡಿದೆ.

ಸ್ಪೇನ್‌ನ ವ್ಯಕ್ತಿಯೊಬ್ಬರ ಕಥೆ ಇದಕ್ಕಿಂತ ಕರುಣಾಜನಕವಾಗಿದೆ. ಸಾಮಾಜಿಕ ವಿಮೆಯ ಬಾಕಿಗಾಗಿ ಅವರ ಆಸ್ತಿಯನ್ನು ಹರಾಜಿಗಿಟ್ಟ ಎರಡು ಸಣ್ಣ ಪ್ರಕಟಣೆಗಳು 1998ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿದ್ದವು. ಹಲವು ವರ್ಷಗಳ ಬಳಿಕವೂ ಅವರ ಹೆಸರನ್ನು ಹುಡುಕಿದರೆ ಅವೇ ಕಾಣಿಸುತ್ತಿದ್ದವು. ಅವರು ದೂರು ಕೊಟ್ಟರು. 2014ರ ಮೇ 13ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಕಾಲ ಮೀರಿದ, ಅಪ್ರಸ್ತುತವಾದ ಮಾಹಿತಿಯನ್ನು ಹೆಸರಿನ ಹುಡುಕಾಟದಿಂದ ಕೈಬಿಡುವಂತೆ ಕೇಳುವ ಹಕ್ಕು ಜನಸಾಮಾನ್ಯರಿಗೆ ದೊರೆಯಿತು. ಅದರಿಂದ ಲಕ್ಷಾಂತರ ಜನರಿಗೆ ಉಪಕಾರವಾಯಿತು. ಆದರೆ ಮರೆಯಲ್ಪಡಲು ಬಯಸಿದ ಆ ವ್ಯಕ್ತಿಯ ಹೆಸರು ಮತ್ತು ಅವರ ಹಳೆಯ ಸಾಲದ ವಿಷಯ ಕಾನೂನಿನ ಪಾಠಪುಸ್ತಕಗಳಲ್ಲಿ ಶಾಶ್ವತವಾಗಿ ಉಳಿಯಿತು.

ಹಾಗೆಂದು ನ್ಯಾಯಾಲಯದ ದಾರಿ ನಿಷ್ಪ್ರಯೋಜಕವೆಂದು ತಿಳಿಯಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ಮಾದಕ ವಸ್ತು ಪ್ರಕರಣದಲ್ಲಿ ಖುಲಾಸೆಗೊಂಡಿದ್ದರೂ ಅದರ ತೀರ್ಪು ಹುಡುಕಾಟದಲ್ಲಿ ಕಾಣಿಸುತ್ತಿದ್ದುದರಿಂದ ಉದ್ಯೋಗಕ್ಕೆ ಅಡ್ಡಿಯಾಗಿದೆಯೆಂದು ಅಳಲು ತೋಡಿಕೊಂಡ ವ್ಯಕ್ತಿಯೊಬ್ಬರಿಗೆ ಮಧ್ಯಂತರ ಪರಿಹಾರ ನೀಡಿತು. ಅತ್ಯಾಚಾರಕ್ಕೊಳಗಾದ ಮಹಿಳೆಯರ, ಮಕ್ಕಳ, ಕುಟುಂಬ ಕಲಹದಲ್ಲಿ ಸಿಕ್ಕಿಕೊಂಡವರ ವಿಷಯದಲ್ಲಿ ಹೆಸರನ್ನು ಮರೆಮಾಡುವುದೇ ನ್ಯಾಯ. ಶುದ್ಧ ಸುಳ್ಳನ್ನು ಹರಡಿದವನ ವಿರುದ್ಧ ಮಾನನಷ್ಟದ ಕಾನೂನು ಇದೆ. ಅದರ ಸಿವಿಲ್ ದಾವೆಯನ್ನು 1 ವರ್ಷದೊಳಗೆ ಹೂಡಬೇಕು. ಆದರೆ ನಡೆದ ಬಂಧನವನ್ನು ನಡೆದಿದೆಯೆಂದು ಬರೆದ ಸುದ್ದಿಗೆ ಈ ಆಯುಧ ನಾಟುವುದು ಕಷ್ಟ.

ಮುಖವಾಡದ ದಾರಿ

ಇನ್ನು ಬಾಡಿಗೆಯ ಹೊಗಳಿಕೆಯನ್ನು ನೋಡೋಣ. ಅಮೆರಿಕದ ಹೋಲ್ ಫುಡ್ಸ್ ಎಂಬ ದಿನಸಿ ಮಳಿಗೆಗಳ ಮುಖ್ಯಸ್ಥರಾಗಿದ್ದ ಜಾನ್ ಮ್ಯಾಕಿ ಸುಮಾರು 8 ವರ್ಷಗಳ ಕಾಲ 'ರಾಹೊಡೆಬ್' ಎಂಬ ಸುಳ್ಳು ಹೆಸರಿನಲ್ಲಿ ಷೇರುದಾರರ ಚರ್ಚೆಗಳಲ್ಲಿ ಬರೆಯುತ್ತಿದ್ದರು. ತಮ್ಮ ಸಂಸ್ಥೆಯನ್ನು ಹೊಗಳುವುದು ಮತ್ತು ಪ್ರತಿಸ್ಪರ್ಧಿ ಸಂಸ್ಥೆಯನ್ನು ಹಳಿಯುವುದು ಆ ಬರಹಗಳ ಕೆಲಸವಾಗಿತ್ತು. ಆ ಹೆಸರು ಅವರ ಪತ್ನಿಯ ಹೆಸರಿನ ಅಕ್ಷರಗಳನ್ನು ಅದಲು ಬದಲು ಮಾಡಿ ಕಟ್ಟಿದ್ದಾಗಿತ್ತು. ಆ ಪ್ರತಿಸ್ಪರ್ಧಿಯನ್ನೇ ಅವರ ಸಂಸ್ಥೆ ಕೊಂಡುಕೊಳ್ಳಲು ಹೊರಟಾಗ ಸರಕಾರದ ತನಿಖೆ ನಡೆದು, 2007ರ ಜುಲೈಯಲ್ಲಿ ಎಲ್ಲವೂ ಬಯಲಾಯಿತು. ಅವರು ಕ್ಷಮೆ ಯಾಚಿಸಬೇಕಾಯಿತು. 2006ರಲ್ಲಿ ವಾಲ್‌ಮಾರ್ಟ್ ಮಳಿಗೆಗಳ ಅಂಗಳದಲ್ಲಿ ತಂಗುತ್ತ ದೇಶ ಸುತ್ತಿದ ಜೋಡಿಯೊಂದರ ಪ್ರವಾಸ ಬರಹಗಳೂ ಹೀಗೆಯೇ. ಅವುಗಳಲ್ಲಿ ಕಂಡವರೆಲ್ಲ ಸಂತೃಪ್ತ ನೌಕರರು! ಪ್ರವಾಸದ ಖರ್ಚು ಬಂದದ್ದು ವಾಲ್‌ಮಾರ್ಟ್‌ನ ಬೆಂಬಲಿಗ ಸಂಘಟನೆಯಿಂದ ಎಂದು ತಿಳಿದಾಗ ಅದರ ಪ್ರಚಾರ ಸಂಸ್ಥೆ ಕ್ಷಮೆ ಕೇಳಿತು.

ಈಗ ಕಾನೂನುಗಳೂ ಬಿಗಿಯಾಗುತ್ತಿವೆ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಗ್ರಾಹಕರ ಅಭಿಪ್ರಾಯಗಳ ನೈಜತೆಗಾಗಿ ಐಎಸ್ 19000 ಎಂಬ ಮಾನದಂಡವನ್ನು ಪ್ರಕಟಿಸಿತು. ಅಮೆರಿಕದಲ್ಲಿ ಸುಳ್ಳು ಅಭಿಪ್ರಾಯಗಳ ಮಾರಾಟ ಮತ್ತು ಖರೀದಿಯನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಕಾನೂನು ಇಲ್ಲದಿದ್ದರೂ ಇದು ಸುಳ್ಳುಸಾಕ್ಷಿಯೇ ಆಗಿದೆ. ಹಣ ಕೊಟ್ಟು ಸುಳ್ಳುಸಾಕ್ಷಿ ಹೇಳಿಸಿದವನು, ಇದುವರೆಗೆ ತನ್ನ ಮೇಲಿದ್ದ ಆರೋಪ ಸುಳ್ಳಾಗಿದ್ದರೂ ಇನ್ನು ಮುಂದೆ ನಿಜವಾದ ಆರೋಪವೊಂದಕ್ಕೆ ಒಳಗಾಗುತ್ತಾನೆ. ಹೆಸರಿನ ಅಕ್ಷರ ಬದಲಾಯಿಸುವುದೂ ಇದೇ ಜಾತಿಯದು. ಮದುವೆಯ ಬಳಿಕ ಗುಟ್ಟು ಬಯಲಾದರೆ ಏನಾಗಬಹುದೆಂದು ಯೋಚಿಸಿ ನೋಡಿ.

ನೇರವಾಗಿ ಮಾತಾಡುವ ದಾರಿ

ಮೂರನೆಯ ದಾರಿಯೆಂದರೆ ತನ್ನ ಹೆಸರಿನಲ್ಲಿಯೇ, ತನ್ನ ಮಾತಿನಲ್ಲಿಯೇ ಮುಂದೆ ಬರುವುದು. ಇದಕ್ಕೆ ಡೆಲ್ ಎಂಬ ಕಂಪ್ಯೂಟರ್ ಸಂಸ್ಥೆಯ ಅನುಭವ ಒಳ್ಳೆಯ ಪಾಠವಾಗಿದೆ. 2005ರ ಜೂನ್‌ನಲ್ಲಿ ಜೆಫ್ ಜಾರ್ವಿಸ್ ಎಂಬ ಅಮೆರಿಕದ ಪತ್ರಕರ್ತ, ಹಣ ಕೊಟ್ಟು ಕೊಂಡ ಕಂಪ್ಯೂಟರ್ ಕೆಟ್ಟುಹೋಗಿ ಭರವಸೆಯಿತ್ತ ಸೇವೆ ದೊರೆಯಲಿಲ್ಲವೆಂದು ತಮ್ಮ ಬ್ಲಾಗಿನಲ್ಲಿ ಸಿಟ್ಟಿನಿಂದ ಬರೆದರು. ಅಂತಹ ಬರಹಗಳಿಗೆ ಉತ್ತರಿಸದಿರುವುದು ಆಗ ಡೆಲ್‌ನ ನೀತಿಯಾಗಿತ್ತು. ಮೌನದಿಂದ ಬೆಂಕಿ ಆರಲಿಲ್ಲ. ಅದೇ ಬಗೆಯ ಅನುಭವವಾದವರೆಲ್ಲ ತಮ್ಮ ದೂರುಗಳನ್ನು ಸೇರಿಸುತ್ತ ಹೋದರು. ಸಂಸ್ಥೆಯ ಹೆಸರನ್ನು ಹುಡುಕಿದವರಿಗೆ ಆ ದೂರುಗಳೇ ಸಿಗತೊಡಗಿದವು.

2006ರ ಜುಲೈಯಲ್ಲಿ ಡೆಲ್ ತನ್ನದೇ ಬ್ಲಾಗ್ ಆರಂಭಿಸಿತು. ಆರಂಭದ ಬರಹಗಳಲ್ಲಿ ತನ್ನ ಸರಕಿನ ಗುಣಗಾನವೇ ಇದ್ದುದರಿಂದ ಜನರು ಅದನ್ನೂ ಟೀಕಿಸಿದರು. ಆಗಲೇ ಒಂದು ಪರೀಕ್ಷೆ ಎದುರಾಯಿತು. ಜಪಾನಿನ ಒಸಾಕಾದಲ್ಲಿ ಸಭೆಯೊಂದರ ನಡುವೆ ಡೆಲ್ ಕಂಪ್ಯೂಟರ್ ಹೊತ್ತಿ ಉರಿದ ಚಿತ್ರ ಎಲ್ಲೆಡೆ ಹರಡಿತ್ತು. ಡೆಲ್‌ನ ಬರಹಗಾರ ಆ ವಿಷಯವನ್ನು ಅಡಗಿಸಲಿಲ್ಲ. ಅದನ್ನು ತಮ್ಮ ಪುಟದಲ್ಲಿಯೇ ಎತ್ತಿಕೊಂಡು, ಕಾರಣ ಹುಡುಕುತ್ತಿದ್ದೇವೆಂದು ಬರೆದರು. ಆಗಸ್ಟ್ 14ರಂದು ಸಂಸ್ಥೆ ಸೋನಿ ತಯಾರಿಸಿದ್ದ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವುದಾಗಿ ಘೋಷಿಸಿತು. ಗ್ರಾಹಕ ಸೇವೆಯ ಸುಧಾರಣೆಗೆ 10 ಕೋಟಿ ಡಾಲರ್‌ಗಳಿಗೂ ಹೆಚ್ಚು ಹಣ ವೆಚ್ಚ ಮಾಡಿತು. ದೂರು ಬರೆದವರನ್ನು ಹುಡುಕಿ ಮಾತಾಡಿಸತೊಡಗಿತು. 2007ರ ಅಕ್ಟೋಬರ್‌ನಲ್ಲಿ ಅದೇ ಜಾರ್ವಿಸ್, ಡೆಲ್ ಜನರ ಮಾತಿಗೆ ಕಿವಿಗೊಡಲು ಕಲಿತಿದೆಯೆಂದು ಪತ್ರಿಕೆಯಲ್ಲಿ ಬರೆದರು.

ಇಲ್ಲಿ ಬರಹವೊಂದೇ ಹೆಸರನ್ನು ಉಳಿಸಿತೆಂದು ಯಾರೂ ಭಾವಿಸಬಾರದು. ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯದೆ, ಸೇವೆಯನ್ನು ಸುಧಾರಿಸದೆ ಬರೆಯುತ್ತ ಹೋಗಿದ್ದರೆ ಆ ಪುಟಗಳೇ ಮತ್ತಷ್ಟು ಅಪಹಾಸ್ಯಕ್ಕೆ ಕಾರಣವಾಗುತ್ತಿದ್ದವು. ಮೊದಲು ಕೃತಿ ಸರಿಯಾಗಬೇಕು. ಮಾತು ಅದರ ಹಿಂದೆ ಬರಬೇಕು.

ತನ್ನ ಹೆಸರಿನ ಮೇಲಿನ ಸಂಶಯವನ್ನು ತಾನೇ ಮುಂದಾಗಿ ನಿವಾರಿಸುವುದು ಅಹಂಕಾರವಲ್ಲ. ರಾಜನ ಕರೆ ಬಂದಾಗ ಪ್ರವಾದಿ ಯೂಸುಫ್(ಅ) ಸೆರೆಮನೆಯಿಂದ ಕೂಡಲೇ ಹೊರಬರಲಿಲ್ಲ. ಕೈ ಕೊಯ್ದುಕೊಂಡ ಆ ಮಹಿಳೆಯರ ವಿಷಯವೇನೆಂದು ಮೊದಲು ವಿಚಾರಿಸುವಂತೆ ದೂತನನ್ನು ಹಿಂದಕ್ಕೆ ಕಳುಹಿಸಿದರು. ಬಿಡುಗಡೆಗಿಂತ ಮೊದಲು ಅವರು ಬಯಸಿದ್ದು ಸತ್ಯದ ಇತ್ಯರ್ಥವನ್ನು. ಪ್ರವಾದಿವರ್ಯರು(ಸ) ಮಸೀದಿಯಲ್ಲಿ ಇಅ್‌ತಿಕಾಫ್‌ನಲ್ಲಿದ್ದಾಗ ರಾತ್ರಿ ತಮ್ಮನ್ನು ಕಾಣಲು ಬಂದಿದ್ದ ಪತ್ನಿ ಸಫಿಯ್ಯಾ(ರ)ರನ್ನು ಬೀಳ್ಕೊಡುತ್ತಿದ್ದರು. ಆಗ ದಾಟಿ ಹೋಗುತ್ತಿದ್ದ ಇಬ್ಬರು ಅನ್ಸಾರಿಗಳನ್ನು ನಿಲ್ಲಿಸಿ, ಈಕೆ ಸಫಿಯ್ಯಾ ಎಂದು ತಿಳಿಸಿದರು. ಯಾರೂ ಪ್ರಶ್ನಿಸಿರಲಿಲ್ಲ. ಆದರೂ ಸಂಶಯ ಹುಟ್ಟುವ ಮೊದಲೇ ಅದರ ಬೇರನ್ನು ಕಿತ್ತರು. ನೇರವಾದ, ಚಿಕ್ಕದಾದ, ಸಮಯಕ್ಕೆ ಸರಿಯಾದ ಒಂದೇ ಮಾತು!

ಬರೆಯುವವನು ಗಮನಿಸಬೇಕಾದುದು

ಹಾಗಾದರೆ ಪಂಪ್ ರಿಪೇರಿಯ ಯುವಕ ಏನು ಮಾಡಬೇಕು? ನಾನು ಮೊದಲು ಅವನೊಡನೆ ಒಂದು ಪ್ರಶ್ನೆ ಕೇಳಿದೆ: "ಆ ದಿನ ನಿಜವಾಗಿ ನಡೆದದ್ದೇನು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಸ್ತಾದ್, ಹೊಡೆದದ್ದು ನಾನಲ್ಲ. ಆದರೆ ಮೊದಲು ಬೈದವನು ನಾನೇ" ಎಂದ. "ಹಾಗಾದರೆ ಬರೆಯುವ ಮೊದಲು ಆ ಮನುಷ್ಯನ ಮನೆಗೆ ಹೋಗು" ಎಂದೆ. ನ್ಯಾಯಾಲಯದ ಲೆಕ್ಕ ಮುಗಿದರೂ ಮನುಷ್ಯರ ನಡುವಿನ ಲೆಕ್ಕ ಉಳಿದಿರುತ್ತದೆ.

ಎರಡನೆಯದಾಗಿ, ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ ಪತ್ರಿಕೆಯ ಸಂಪಾದಕರಿಗೆ ವಿನಯದಿಂದ ಪತ್ರ ಬರೆಯಬೇಕು. ಹಳೆಯ ಸುದ್ದಿಯನ್ನು ಅಳಿಸಿ ಎನ್ನುವುದಕ್ಕಿಂತ ಖುಲಾಸೆಯ ವಿಷಯವನ್ನು ಅದರ ಜೊತೆಗೆ ಸೇರಿಸಿ ಎನ್ನುವ ಕೋರಿಕೆಗೆ ಮನ್ನಣೆ ದೊರೆಯುವ ಸಾಧ್ಯತೆ ಹೆಚ್ಚು.

ಮೂರನೆಯದಾಗಿ, ತನ್ನ ಪೂರ್ಣ ಹೆಸರು, ಊರು ಮತ್ತು ವೃತ್ತಿಯನ್ನು ಹಾಕಿ ತನ್ನದೇ ಒಂದು ಪುಟವನ್ನು ತೆರೆಯಬೇಕು. ಸುದ್ದಿಯಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆಯೇ ಇಲ್ಲಿಯೂ ಬರೆಯಬೇಕು. ಹುಡುಕುವವನು ಆ ಅಕ್ಷರಗಳನ್ನೇ ಒತ್ತುತ್ತಾನೆ. ಪ್ರಕರಣದ ವಿಷಯವನ್ನು ಒಂದೇ ಕಡೆ, ನಾಲ್ಕೈದು ವಾಕ್ಯಗಳಲ್ಲಿ, ಬಂಧನದ ವರ್ಷ, ಖುಲಾಸೆಯ ದಿನಾಂಕ, ನ್ಯಾಯಾಲಯದ ಹೆಸರು ಸಹಿತ ಹೇಳಿ ಮುಗಿಸಬೇಕು. ಎದುರಾಳಿಯನ್ನು ಹಳಿಯಬಾರದು. ತಿಂಗಳು ತಿಂಗಳೂ ಅದೇ ಅಳಲನ್ನು ಬರೆಯುತ್ತ ಹೋದರೆ ಅವನ ಹೆಸರಿಗೆ ಆ ಪ್ರಕರಣವನ್ನು ಅವನೇ ಇನ್ನಷ್ಟು ಬಿಗಿಯಾಗಿ ಕಟ್ಟಿದಂತಾಗುತ್ತದೆ.

ನಾಲ್ಕನೆಯದಾಗಿ, ಉಳಿದ ಬರಹಗಳಲ್ಲಿ ತಾನು ಬಲ್ಲದ್ದನ್ನು ಇತರರಿಗೆ ಉಪಯೋಗವಾಗುವಂತೆ ಬರೆಯಬೇಕು. ವೋಲ್ಟೇಜ್ ಕಡಿಮೆಯಾದಾಗ ಮೋಟರು ಹೆಚ್ಚು ಕರೆಂಟ್ ಎಳೆದು ಸುರುಳಿ ಬಿಸಿಯಾಗಿ ಸುಟ್ಟುಹೋಗುವುದು ಹೇಗೆ? ಬಾವಿಯಲ್ಲಿ ನೀರಿಲ್ಲದಾಗ ಪಂಪು ಒಣಗಿ ಓಡದಂತೆ ತಡೆಯುವುದು ಹೇಗೆ? ಕೃಷಿಕನಿಗೆ ಬೇಕಾದುದು ಇಂತಹ ವಿಷಯಗಳು. ಇವುಗಳನ್ನು ಸರಳ ಕನ್ನಡದಲ್ಲಿ ಬರೆದರೆ ನಾಲ್ಕು ಜನ ಓದುತ್ತಾರೆ, ಬೇರೆಯವರಿಗೆ ತೋರಿಸುತ್ತಾರೆ, ಅವರ ಪುಟಗಳು ಇವನ ಪುಟವನ್ನು ಸೂಚಿಸುತ್ತವೆ. ಯಂತ್ರ ಎಣಿಸುವುದೂ ಇದನ್ನೇ. ನಿಜವಾದ ಉಪಕಾರ ಮತ್ತು ಹೆಸರಿನ ಏಳಿಗೆ ಇಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ. ಆದರೆ ಇದು ಒಂದು ದಿನದ ಕೆಲಸವಲ್ಲ. ಅಡಿಕೆ ಸಸಿ ನೆಟ್ಟವನಿಗೆ ಇರುವಷ್ಟು ತಾಳ್ಮೆ ಬೇಕು.

ಐದನೆಯದಾಗಿ, ತನ್ನ ಮನಸ್ಸನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಮಾನವನ್ನು ಕಾಯುವುದು ಬೇರೆ, ಹೊಗಳಿಕೆಗೆ ಹಸಿಯುವುದು ಬೇರೆ. ದಿನಕ್ಕೆ ಹತ್ತು ಸಲ ತನ್ನ ಹೆಸರನ್ನೇ ಹುಡುಕಿ ನೋಡುವವನು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಜಾರಿದ್ದಾನೆ. ರಿಯಾ, ಅಂದರೆ ತೋರಿಕೆಯ ರೋಗ, ಒಳ್ಳೆಯ ಕೆಲಸದ ಬಾಗಿಲಿನಿಂದಲೇ ಒಳಗೆ ಬರುತ್ತದೆ.

ಓದುವವನ ಹೊಣೆ

ಈ ವಿಷಯದಲ್ಲಿ ಹೆಸರು ಕೆಟ್ಟವನ ಮೇಲೆ ಮಾತ್ರ ಹೊಣೆಯಿರುವುದಲ್ಲ. ಹುಡುಕುವ ನಮ್ಮ ಮೇಲೂ ಇದೆ. ಸುದ್ದಿ ತಂದವನನ್ನು ನಂಬುವ ಮೊದಲು ಚೆನ್ನಾಗಿ ವಿಚಾರಿಸಿಕೊಳ್ಳಬೇಕು, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಅನಂತರ ಪಶ್ಚಾತ್ತಾಪ ಪಡಬೇಕಾಗುವುದೆಂದು ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಫೋನು ಕೂಡಾ ಸುದ್ದಿ ತರುವವನೇ ಆಗಿದೆ. ಬಂಧನದ ಸುದ್ದಿ ಕಂಡವನು 'ಮುಂದೇನಾಯಿತು?' ಎಂದು ಕೇಳಬೇಡವೇ? ಆ ಸೋದರಮಾವ ಹುಡುಕಿದ್ದರಲ್ಲಿ ತಪ್ಪಿಲ್ಲ, ಹೆಣ್ಣುಮಗಳ ಬದುಕಿನ ಪ್ರಶ್ನೆ ಅದು. ಆದರೆ ಫೋನು ಹೇಳಿದ್ದನ್ನು ಹುಡುಗನೊಡನೆ ಒಂದು ಮಾತು ಕೇಳಬಹುದಿತ್ತು. ಜಗಳದ ಮರುದಿನ ಆ ಸುದ್ದಿಯನ್ನು ಎಲ್ಲರಿಗೂ ಹಂಚಿದ ನಮ್ಮಲ್ಲಿ ಎಷ್ಟು ಮಂದಿ ನಾಲ್ಕು ವರ್ಷಗಳ ಬಳಿಕ ಖುಲಾಸೆಯ ವಿಷಯವನ್ನು ಹಂಚಿದ್ದೇವೆ?

ಆ ಯುವಕ ನಾನು ಹೇಳಿದ ಮನೆಗೆ ಹೋದ. ಚಹಾ ಕುಡಿದು ಬಂದ. ಪತ್ರಿಕೆಯವರು ಹಳೆಯ ಸುದ್ದಿಯ ಕೆಳಗೆ ಖುಲಾಸೆಯ ಒಂದು ಸಾಲನ್ನು ಸೇರಿಸಿದರು. ಅವನ ಪುಟದಲ್ಲಿ ಈಗ ಪಂಪ್‌ಗಳ ಕುರಿತು ಹನ್ನೊಂದು ಬರಹಗಳಿವೆ. ಬಂಧನದ ಸುದ್ದಿ ಇನ್ನೂ ಕಾಣಿಸುತ್ತದೆ, ಆದರೆ ಅದೊಂದೇ ಕಾಣಿಸುವುದಿಲ್ಲ. ನಿಂತುಹೋದ ಸಂಬಂಧ ಮರಳಿ ಬರಲಿಲ್ಲ. ಈಚೆಗೆ ಇನ್ನೊಂದು ಕಡೆಯಿಂದ ಮಾತು ಬಂದಾಗ, ಅವರು ಹುಡುಕುವ ಮೊದಲೇ ಇವನೇ ಎಲ್ಲವನ್ನೂ ಹೇಳಿದನಂತೆ. ಹುಡುಗಿಯ ತಂದೆ ಕೇಳಿ, "ನೀನೇ ಹೇಳಿದ್ದು ಒಳ್ಳೆಯದಾಯಿತು" ಎಂದರಂತೆ. ಮಾತುಕತೆ ಮುಂದುವರಿದಿದೆ.

ಹೋದ ಮಾನವನ್ನು ಆನೆ ಕೊಟ್ಟು ಕೊಂಡು ತರಲಾಗದು ಎಂಬ ಗಾದೆಯ ಮಾತು ಸುಳ್ಳಲ್ಲ. ಮಾನವನ್ನು ಕೊಳ್ಳಲು ಬರುವುದಿಲ್ಲ. ಆದರೆ ತಪ್ಪನ್ನು ತಿದ್ದಿಕೊಂಡು, ಸತ್ಯವನ್ನು ತನ್ನ ಹೆಸರಿನಲ್ಲಿಯೇ ಹೇಳಿ, ಜನರಿಗೆ ಉಪಕಾರಿಯಾಗಿ ಬಾಳುವವನು ಅದನ್ನು ದುಡಿದು ಗಳಿಸಬಲ್ಲನು. ಇತರರ ಮಾನವನ್ನು ಕಾಯುವ ಮತ್ತು ತಮ್ಮ ಮಾನವನ್ನು ಸತ್ಯದಿಂದಲೇ ಕಾಪಾಡಿಕೊಳ್ಳುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.